ಎಲುಬು ಒಪ್ಪಿಕೊಂಡ ಲೋಹ

1952ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪೇರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಯುವ ಸಂಶೋಧಕ ಎಲುಬಿನೊಳಗೆ ರಕ್ತ ಹರಿಯುವುದನ್ನು ಕಣ್ಣಾರೆ ನೋಡಬೇಕೆಂದು ಹೊರಟಿದ್ದರು. ಸತ್ತ ಪ್ರಾಣಿಯ ಎಲುಬನ್ನು ಸೀಳಿದರೆ ರಕ್ತನಾಳ ಎಲ್ಲೆಲ್ಲಿ ಇದೆಯೆಂದು ಗೊತ್ತಾಗುತ್ತದೆ, ಹರಿವು ಗೊತ್ತಾಗುವುದಿಲ್ಲ. ಅದಕ್ಕೆ ಬದುಕಿರುವ ಎಲುಬೇ ಬೇಕು. ಹಾಗಾಗಿ ಅವರು ಬೆಳಕು ಹಾಯುವಂಥ ಪುಟ್ಟ ಟೈಟಾನಿಯಂ ಕೊಳವೆಯೊಂದನ್ನು ಮೊಲದ ಮೊಣಕಾಲಿನ ಕೆಳಗಿನ ಎಲುಬಿಗೆ ಕೂರಿಸಿ, ಅದರ ಮೂಲಕ ಸೂಕ್ಷ್ಮದರ್ಶಕದಲ್ಲಿ ತಿಂಗಳುಗಟ್ಟಲೆ ಮಜ್ಜೆಯ ರಕ್ತಸಂಚಾರವನ್ನು ನೋಡಿದರು. ಪ್ರಯೋಗ ಮುಗಿದ ಮೇಲೆ ಕೊಳವೆಯನ್ನು ಬಿಚ್ಚಿ ಮತ್ತೆ ಬಳಸುವ ಯೋಚನೆಯಿತ್ತು. ನಾಜೂಕಾಗಿ ಕಡೆಸಿದ ದುಬಾರಿ ಸಾಧನ ಅದು. ಆದರೆ ಬಿಚ್ಚಲು ಹೋದರೆ ಅದು ಕದಲಲೇ ಇಲ್ಲ. ಲೋಹದ ಮೈಮೇಲಿನ ಸಣ್ಣಸಣ್ಣ ತಗ್ಗುಗಳೊಳಗೆಲ್ಲ ಎಲುಬು ಬೆಳೆದು ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಇಂದು ಜಗತ್ತಿನ ಲಕ್ಷಾಂತರ ಜನರ ಬಾಯಲ್ಲಿರುವ ಹಲ್ಲಿನ ಇಂಪ್ಲಾಂಟ್‌ಗಳ ಮೂಲ ಈ ಘಟನೆಯಲ್ಲಿದೆ. ಇಂಪ್ಲಾಂಟ್ ಎಂದರೆ ದವಡೆಗೆ ಬಿಗಿದ ಸ್ಕ್ರೂ ಎಂದು ಹೆಚ್ಚಿನವರು ತಿಳಿದಿದ್ದಾರೆ. ಗೋಡೆಗೆ ಮೊಳೆ ಹೊಡೆದ ಹಾಗೆ, ಗಟ್ಟಿ ಜಾಗ ನೋಡಿ ಬಿಗಿದರೆ ನಿಂತಿತು ಎಂಬ ಕಲ್ಪನೆ. ಆದರೆ ಗೋಡೆಗೆ ಜೀವವಿಲ್ಲ, ಹೊಡೆದ ಮೊಳೆಯನ್ನು ಅದು ಸುಮ್ಮನೆ ಇಟ್ಟುಕೊಳ್ಳುತ್ತದೆ. ಎಲುಬು ಹಾಗೆ ಸುಮ್ಮನಿರುವುದಿಲ್ಲ. ತನ್ನೊಳಗೆ ಬಂದ ವಸ್ತುವನ್ನು ಪರಿಶೀಲಿಸುತ್ತದೆ, ಒಪ್ಪಿದರೆ ಸುತ್ತಲೂ ಬೆಳೆಯುತ್ತದೆ, ಒಪ್ಪದಿದ್ದರೆ ಹಿಂದೆ ಸರಿಯುತ್ತದೆ. ಕಳೆದುಹೋದ ಹಲ್ಲಿನ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುವ ವಿದ್ಯೆ ಮನುಷ್ಯನಿಗೆ ದಕ್ಕಿದ್ದು, ಎಲುಬನ್ನು ಜೀವವಿರುವ ಅಂಗಾಂಶವೆಂದು ಕಂಡು ಅದರ ಮರ್ಜಿಗೆ ತಕ್ಕಂತೆ ನಡೆದುಕೊಂಡಾಗಲೇ.

ಕೆಲಸ ಕಳೆದುಕೊಂಡ ಎಲುಬು

ನಮ್ಮ ಹಲ್ಲಿನ ಬೇರು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಸಾವಿರಾರು ಎಳೆಗಳ ಒಂದು ತುದಿ ಬೇರಿನಲ್ಲಿ, ಇನ್ನೊಂದು ತುದಿ ಎಲುಬಿನಲ್ಲಿ ನಾಟಿಕೊಂಡಿರುತ್ತದೆ. ಜೋಳದ ರೊಟ್ಟಿಯನ್ನೋ ಚಕ್ಕುಲಿಯನ್ನೋ ಕಚ್ಚಿದಾಗ ಹಲ್ಲು ಒಂದಿಷ್ಟು ಕೆಳಗಿಳಿಯುತ್ತದೆ, ಎಳೆಗಳು ಬಿಗಿಯಾಗಿ ಎಲುಬನ್ನು ಜಗ್ಗುತ್ತವೆ. ಆ ಜಗ್ಗಾಟವೇ ಎಲುಬಿನ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ: ಇಲ್ಲಿ ಕೆಲಸವಿದೆ, ಈ ಎಲುಬು ಬೇಕಾಗಿದೆ.

ಅಸ್ಥಿಪಂಜರ ಒಮ್ಮೆ ಬೆಳೆದು ನಿಂತುಬಿಡುವ ವಸ್ತುವಲ್ಲ. ಹಳೆಯ ಎಲುಬನ್ನು ಕರಗಿಸುವ ಕೋಶಗಳು ಒಂದು ಕಡೆ, ಹೊಸದನ್ನು ಕಟ್ಟುವ ಕೋಶಗಳು ಇನ್ನೊಂದು ಕಡೆ ಸದಾ ದುಡಿಯುತ್ತಿರುತ್ತವೆ. ವಯಸ್ಕರ ಮೈಯಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಎಲುಬು ಹೀಗೆ ಹೊಸದಾಗುತ್ತದೆ. ಎಲ್ಲಿ ಭಾರ ಬೀಳುತ್ತದೆಯೋ ಅಲ್ಲಿ ಕಟ್ಟುವವರ ಕೈ ಮೇಲಾಗುತ್ತದೆ, ಭಾರವಿಲ್ಲದ ಕಡೆ ಕರಗಿಸುವವರದ್ದು.

ಹಲ್ಲು ಕೀಳಿಸಿದ ದಿನ ಆ ಜಾಗದ ಎಲುಬಿಗೆ ಸುದ್ದಿ ಬರುವುದು ನಿಲ್ಲುತ್ತದೆ. ಗಾಯ ಮಾಯುತ್ತದೆ, ವಸಡು ಮುಚ್ಚಿಕೊಳ್ಳುತ್ತದೆ, ನೋವಿಲ್ಲ; ಎಲ್ಲ ಸರಿಹೋಯಿತೆಂದು ನಾವು ಮರೆತುಬಿಡುತ್ತೇವೆ. ಒಳಗೆ ಎಲುಬು ಕರಗಲು ತೊಡಗಿರುತ್ತದೆ. ಮೊದಲ ಒಂದು ವರ್ಷದಲ್ಲಿ ಆ ಜಾಗದ ದವಡೆದಿಂಡಿನ ಅಗಲ ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಾಗಬಹುದು, ಅದರಲ್ಲೂ ಮೂರನೇ ಎರಡು ಭಾಗ ನಷ್ಟ ಮೊದಲ ಮೂರೇ ತಿಂಗಳಲ್ಲಿ. ಮುಂಬಾಯಿಯಲ್ಲಿ ತುಟಿಯ ಕಡೆಗಿರುವ ಎಲುಬಿನ ಗೋಡೆ ಅನೇಕರಲ್ಲಿ ಒಂದು ಮಿಲಿಮೀಟರಿಗಿಂತ ತೆಳು, ಮೊದಲು ಹೋಗುವುದು ಅದೇ. ಹಲ್ಲೆಲ್ಲ ಉದುರಿದ ಹಿರಿಯರ ಕೆನ್ನೆ ಒಳಸೇರಿ ಗಲ್ಲ ಮೂಗಿನ ಸಮೀಪಕ್ಕೆ ಬಂದಂತೆ ಕಾಣುವುದಕ್ಕೆ ವಯಸ್ಸಿಗಿಂತ ದೊಡ್ಡ ಕಾರಣ, ಕರಗಿಹೋದ ಈ ಎಲುಬು.

ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಈ ಕರಗುವಿಕೆಯನ್ನು ತಡೆಯುವುದಿಲ್ಲ. ಅದು ವಸಡಿನ ಮೇಲೆ ಕೂತು ಎಲುಬನ್ನು ಹೊರಗಿನಿಂದ ಒತ್ತುತ್ತದೆ. ಹಲ್ಲಿನ ನಾರು ಒಳಗಿನಿಂದ ಜಗ್ಗುತ್ತಿದ್ದ ಆ ಬಗೆಯ ಕೆಲಸ ಎಲುಬಿಗೆ ಸಿಗುವುದೇ ಇಲ್ಲ. ದಿಂಡು ಸವೆದಂತೆ ಸೆಟ್ಟು ಸಡಿಲವಾಗುತ್ತದೆ. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ಹೇಗೋ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಆಸರೆಯೂ ಇಲ್ಲ, ನಾಲಿಗೆ ಆಡಿದಾಗಲೆಲ್ಲ ಏಳುತ್ತದೆ. ಹೀಗಾಗಿಯೇ ನಮ್ಮ ಎಷ್ಟೋ ಅಜ್ಜಂದಿರು, ಅಜ್ಜಿಯರು ಮದುವೆಮನೆಗೆ ಹೊರಡುವಾಗ ಮಾತ್ರ ಸೆಟ್ಟು ಹಾಕಿಕೊಂಡು, ಮನೆಯಲ್ಲಿ ಅದನ್ನು ನೀರಿನ ಡಬ್ಬಿಯಲ್ಲಿಟ್ಟು ಸಾರನ್ನವನ್ನು ಕಿವುಚಿಕೊಂಡು ಉಣ್ಣುತ್ತಾರೆ. ಕಾಳು, ಹಸಿ ತರಕಾರಿ, ಗಟ್ಟಿ ಹಣ್ಣು ಒಂದೊಂದಾಗಿ ಊಟದಿಂದ ಬಿಟ್ಟುಹೋಗುತ್ತವೆ. ಇನ್ನು ಬ್ರಿಜ್ ಹಾಕಿಸಿದರೆ ಹಲ್ಲು ಅಲುಗದೆ ನಿಲ್ಲುತ್ತದೆ ನಿಜ. ಆದರೆ ಅದಕ್ಕಾಗಿ ಅಕ್ಕಪಕ್ಕದ ಎರಡು ಹಲ್ಲುಗಳನ್ನು, ಅವು ಎಷ್ಟೇ ಗಟ್ಟಿಯಾಗಿದ್ದರೂ, ಸುತ್ತಲೂ ಉಜ್ಜಿ ಸಣ್ಣದು ಮಾಡಬೇಕು.

ನಾರು ಸುತ್ತಿಕೊಂಡ ಲೋಹಗಳು

ಬೇರಿನ ಜಾಗಕ್ಕೇ ಏನನ್ನಾದರೂ ನೆಡಬೇಕೆಂಬ ಆಸೆ ಹಳೆಯದು. 1931ರಲ್ಲಿ ಹೊಂಡುರಾಸ್‌ನಲ್ಲಿ ಮಾಯಾ ಕಾಲದ ಕೆಳದವಡೆಯ ತುಣುಕೊಂದು ಸಿಕ್ಕಿತು. ಸುಮಾರು ಕ್ರಿ.ಶ. 600ರದ್ದೆಂದು ಲೆಕ್ಕ ಹಾಕಿರುವ ಆ ದವಡೆಯಲ್ಲಿ ಮುಂಬಲ್ಲುಗಳ ಗುಳಿಯೊಳಗೆ ಹಲ್ಲಿನ ಆಕಾರಕ್ಕೆ ಕೆತ್ತಿದ ಚಿಪ್ಪಿನ ಮೂರು ತುಂಡುಗಳಿದ್ದವು. ಸತ್ತ ಮೇಲೆ ಅಲಂಕಾರಕ್ಕೆ ಸೇರಿಸಿದ್ದೆಂದು ಮೊದಲು ತಿಳಿಯಲಾಗಿತ್ತು. 1970ರಲ್ಲಿ ಎಕ್ಸ್-ರೇ ತೆಗೆದು ನೋಡಿದಾಗ ಎರಡು ತುಂಡುಗಳ ಸುತ್ತ ಎಲುಬು ಬೆಳೆದಿರುವುದು ಕಂಡಿತು. ಅಂದರೆ ಅವು ಬದುಕಿದ್ದವರ ಬಾಯಲ್ಲೇ ಇದ್ದಂಥವು.

ಆಧುನಿಕ ಕಾಲದಲ್ಲಿ 1809ರಲ್ಲಿ ಮಾಜಿಯೋಲೊ ಎಂಬವರು ಆಗಷ್ಟೇ ಹಲ್ಲು ಕಿತ್ತ ಗುಳಿಗೆ ಚಿನ್ನದ ಬೇರು ಇಳಿಸಿದರು. 1913ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡ್ ಇರಿಡಿಯಂ-ಪ್ಲಾಟಿನಂ ತಂತಿಯ ಪಂಜರ ಕೂರಿಸಿದರು. 1930ರ ದಶಕದಲ್ಲಿ ಸ್ಟ್ರಾಕ್ ಸಹೋದರರು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಸ್ಕ್ರೂ ಬಳಸಿದರು. 1960ರ ದಶಕದಲ್ಲಿ ನ್ಯೂಯಾರ್ಕಿನ ಲಿಂಕೋ ತೆಳುವಾದ ಅಲಗಿನಂಥ ಇಂಪ್ಲಾಂಟ್ ತಂದರು, ಅದು ಸಾಕಷ್ಟು ಚಾಲ್ತಿಗೂ ಬಂತು. ಇವುಗಳಲ್ಲಿ ಕೆಲವು ವರ್ಷಗಟ್ಟಲೆ ನಿಂತವು, ಬಹಳಷ್ಟು ಅಲುಗಾಡಿ, ಕೀವು ತುಂಬಿ ಹೊರಬಂದವು. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಮೊದಲೇ ಹೇಳುವ ದಾರಿ ಇರಲಿಲ್ಲ.

ಬಿದ್ದವುಗಳ ಸುತ್ತ ಸಾಮಾನ್ಯವಾಗಿ ಕಾಣುತ್ತಿದ್ದದ್ದು ಮೆತ್ತನೆಯ ನಾರಿನ ಪೊರೆ. ಪರವಸ್ತು ಒಳಗೆ ಸೇರಿದಾಗ ದೇಹ ಅದನ್ನು ಪೊರೆಯಲ್ಲಿ ಸುತ್ತಿ ಬೇರೆ ಇಡುತ್ತದೆ. ಯಾವ ಲೋಹ ಹಾಕಿದರೂ ಇದು ತಪ್ಪದೆಂದು ಆಗಿನ ಪಠ್ಯಗಳು ಹೇಳುತ್ತಿದ್ದವು. ಸಹಜ ಹಲ್ಲಿಗೂ ನಾರಿನ ಪದರ ಇದೆಯಲ್ಲ, ಇದೂ ಒಳ್ಳೆಯದೇ ಎಂದು ಕೆಲವರು ವಾದಿಸಿದರು. ಎರಡಕ್ಕೂ ಇರುವ ಅಂತರವನ್ನು ಆ ವಾದ ಮರೆತಿತ್ತು. ಹಲ್ಲಿನ ನಾರುಗಳು ಎರಡೂ ಕಡೆ ಬೇರೂರಿ ಭಾರ ಹೊರುತ್ತವೆ. ಗಾಯದ ನಾರು ಲೋಹದ ಸುತ್ತ ಬರಿದೇ ಹಾಸಿರುತ್ತದೆ, ಯಾವುದನ್ನೂ ಹಿಡಿದಿರುವುದಿಲ್ಲ. ಅಗಿದಷ್ಟೂ ಇಂಪ್ಲಾಂಟ್ ಅಲುಗುತ್ತದೆ, ಅಲುಗಿದಷ್ಟೂ ನಾರು ದಪ್ಪವಾಗುತ್ತದೆ, ಬಾಯಿಯ ಬ್ಯಾಕ್ಟೀರಿಯಾಗಳಿಗೆ ಒಳದಾರಿ ತೆರೆಯುತ್ತದೆ.

ಯೋಸ್ಟಾ ಲಾರ್ಸನ್ನರ ದವಡೆ

ಮೊಲದ ಎಲುಬಿನಿಂದ ಕೊಳವೆ ಏಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಬ್ರೋನೆಮಾರ್ಕ್ ಬಿಡಲಿಲ್ಲ. 1960ರಲ್ಲಿ ಗೋಥೆನ್‌ಬರ್ಗ್‌ಗೆ ಬಂದವರು ನಾಯಿಗಳ ದವಡೆಯಲ್ಲಿ ಟೈಟಾನಿಯಂ ಬೇರುಗಳನ್ನು ಕೂರಿಸಿ ವರ್ಷಗಟ್ಟಲೆ ಗಮನಿಸಿದರು. ಸ್ವಯಂಸೇವಕರ ತೋಳಿನಲ್ಲಿ ಇಂಥದೇ ಕೊಳವೆ ಇಟ್ಟು ಮನುಷ್ಯರ ಅಂಗಾಂಶವೂ ಈ ಲೋಹವನ್ನು ತಾಳಿಕೊಳ್ಳುವುದನ್ನು ಕಂಡರು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರು ಬ್ರೋನೆಮಾರ್ಕರ ಬಳಿ ಬಂದರು. ಹುಟ್ಟಿನಿಂದಲೇ ದವಡೆಯ ದೋಷವಿದ್ದು, ಹಲ್ಲುಗಳಿಲ್ಲದೆ ಊಟಕ್ಕೂ ಮಾತಿಗೂ ಕಷ್ಟಪಡುತ್ತಿದ್ದವರು. ಅವರ ಕೆಳದವಡೆಗೆ ನಾಲ್ಕು ಟೈಟಾನಿಯಂ ಬೇರುಗಳನ್ನು ಕೂರಿಸಲಾಯಿತು. ಎಲುಬು ಬಿಗಿಯುವವರೆಗೆ ತಿಂಗಳುಗಟ್ಟಲೆ ಕಾದು, ಆಮೇಲೆ ಅವುಗಳ ಮೇಲೆ ಹಲ್ಲುಗಳನ್ನು ಕಟ್ಟಲಾಯಿತು. ಲಾರ್ಸನ್ 2006ರಲ್ಲಿ ತೀರಿಕೊಂಡರು. 40 ವರ್ಷಕ್ಕೂ ಹೆಚ್ಚು ಕಾಲ ಅವರು ಊಟ ಮಾಡಿದ್ದು ಆ ಬೇರುಗಳ ಬಲದಿಂದಲೇ.

ಬ್ರೋನೆಮಾರ್ಕ್ ಮೂಲತಃ ಅಂಗರಚನಾಶಾಸ್ತ್ರದ ಪಂಡಿತರು. ಜೀವಂತ ಎಲುಬಿನಲ್ಲಿ ರಕ್ತ ಹರಿಯುವುದನ್ನೂ, ಸಣ್ಣ ಪೆಟ್ಟು ಬಿದ್ದರೂ ಆ ಹರಿವು ನಿಂತುಬಿಡುವುದನ್ನೂ ಗಂಟೆಗಟ್ಟಲೆ ನೋಡಿದ ಕಣ್ಣು ಅವರದು. ಹಾಗಾಗಿ ಅವರ ಶಸ್ತ್ರಕ್ರಿಯೆಯ ನಿಯಮಗಳೆಲ್ಲ ಎಲುಬಿನ ಪರವಾಗಿದ್ದವು: ಹರಿತವಾದ ಡ್ರಿಲ್ ಬಳಸಿ, ನಿಧಾನವಾಗಿ ಕೊರೆಯಿರಿ, ಉಪ್ಪುನೀರು ಸುರಿದು ತಂಪಾಗಿಡಿ, ಬೇರು ಕೂರಿಸಿದ ಮೇಲೆ ವಸಡು ಹೊಲಿದು ಮುಚ್ಚಿ, ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಭಾರ ಹಾಕಬೇಡಿ. 1983ರಲ್ಲಿ ಗೋಥೆನ್‌ಬರ್ಗ್‌ನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲದ ಜೀವಂತ ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಬಿಸಿ ಮಾಡಿ ಅಳೆದರು. ಒಂದು ನಿಮಿಷ ಕಾಲ 47 ಡಿಗ್ರಿ ಸೆಲ್ಸಿಯಸ್ ತಾಗಿದರೆ ಸಾಕು, ಎಲುಬಿಗೆ ಪೆಟ್ಟು ಬೀಳುತ್ತದೆ. ನಮ್ಮ ಮೈಬಿಸಿಗಿಂತ ಇದು ಹತ್ತೇ ಡಿಗ್ರಿ ಹೆಚ್ಚು. ಹಿಂದಿನವರ ಎಷ್ಟೋ ಇಂಪ್ಲಾಂಟ್‌ಗಳು ಕೂರಿಸಿದ ದಿನವೇ ಸೋತಿದ್ದಿರಬೇಕು. ಸುತ್ತಲಿನ ಎಲುಬು ಡ್ರಿಲ್ಲಿನ ಬಿಸಿಗೆ ಸತ್ತಿದ್ದರೆ ಲೋಹವನ್ನು ಹಿಡಿಯುವವರು ಯಾರು?

ಲೋಹದ ಮೈಮೇಲೆ ಎಲುಬು ಹತ್ತುವ ಬಗೆ

ಟೈಟಾನಿಯಂ ಅಪರೂಪದ ಲೋಹವೇನಲ್ಲ. ಕೇರಳದ ಚವರದ ಕಡಲತೀರದ ಕಪ್ಪು ಮರಳಿನಲ್ಲಿ ಅದರ ಅದಿರು ಇದೆ. ನಮ್ಮ ಮನೆಗಳಿಗೆ ಬಳಿಯುವ ಬಿಳಿ ಪೇಂಟಿಗೆ ಬಿಳುಪು ಕೊಡುವುದು ಇದರ ಆಕ್ಸೈಡ್. ಅದೇ ಆಕ್ಸೈಡ್ ಇಂಪ್ಲಾಂಟಿನ ಯಶಸ್ಸಿಗೂ ಕಾರಣ. ಟೈಟಾನಿಯಂ ಗಾಳಿಗೆ ತೆರೆದುಕೊಂಡ ಒಂದು ಸೆಕೆಂಡಿನೊಳಗೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಗೀರು ಬಿದ್ದರೆ ಅಷ್ಟೇ ಬೇಗ ಮತ್ತೆ ಕಟ್ಟಿಕೊಳ್ಳುತ್ತದೆ. ಉಪ್ಪಿನಂಶವಿರುವ ದೇಹದ್ರವದಲ್ಲಿ ದಶಕಗಟ್ಟಲೆ ಇದ್ದರೂ ತುಕ್ಕು ಹಿಡಿಯುವುದಿಲ್ಲ. ಎಲುಬಿನ ಕೋಶಗಳಿಗೆ ತಾಗುವುದು ಲೋಹವಲ್ಲ, ಈ ನಿರುಪದ್ರವಿ ಪದರ.

ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಬೇರು ದವಡೆಯೊಳಗೆ ಇಳಿದ ಕ್ಷಣದಿಂದ ನೋಡೋಣ. ಅದರ ತಿರುಪಿನ ಸುತ್ತುಗಳ ಸಂದಿಗೆ ಮೊದಲು ನುಗ್ಗುವುದು ರಕ್ತ. ರಕ್ತದ ಪ್ರೊಟೀನುಗಳು ಆಕ್ಸೈಡ್ ಪದರಕ್ಕೆ ಅಂಟಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಎಳೆಗಳು ಲೋಹಕ್ಕೂ ಎಲುಬಿಗೂ ಸಂಪರ್ಕ ಕಲ್ಪಿಸುತ್ತವೆ. ಮುಂದಿನ ದಿನಗಳಲ್ಲಿ ಹೆಪ್ಪಿನೊಳಗೆ ಹೊಸ ರಕ್ತನಾಳಗಳು ಚಿಗುರುತ್ತವೆ, ಅವುಗಳ ಜಾಡಿನಲ್ಲಿ ಎಲುಬು ಕಟ್ಟುವ ಕೋಶಗಳು ಎಳೆಗಳನ್ನು ಹಿಡಿದು ಲೋಹದವರೆಗೆ ಬರುತ್ತವೆ. ಒಂದೆರಡು ವಾರಗಳಲ್ಲಿ ಅವು ಲೋಹದ ಮೈಮೇಲೇ ಎಳೆಯ ಎಲುಬನ್ನು ಹಾಸತೊಡಗುತ್ತವೆ.

ಇದೇ ಹೊತ್ತಿನಲ್ಲಿ ಕೊರೆಯುವಾಗ ಜಜ್ಜಿದ ಹಳೆಯ ಎಲುಬನ್ನು ಕರಗಿಸುವ ಕೋಶಗಳು ತೆಗೆದುಹಾಕುತ್ತಿರುತ್ತವೆ. ಹಾಗಾಗಿ ಮೂರು-ನಾಲ್ಕನೇ ವಾರದ ಸುಮಾರಿಗೆ ವಿಚಿತ್ರ ಸ್ಥಿತಿ ಬರುತ್ತದೆ. ಮೊದಲ ದಿನದ ಬಿಗಿತವೂ ಕುಂದಿರುತ್ತದೆ, ಹೊಸ ಎಲುಬೂ ಪೂರ್ತಿ ಬಲಿತಿರುವುದಿಲ್ಲ. ನೋವೆಲ್ಲ ಹೋಗಿದೆ, ಇನ್ನೇನು ಭಯ ಎಂದು ರೋಗಿ ಆ ಬದಿಯಿಂದಲೇ ಗಟ್ಟಿಯಾಗಿ ಅಗಿಯಲು ಹೊರಡುವುದೂ ಆಗಲೇ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಲುಗಾಟ ಪದೇಪದೇ ಆದರೆ ಎಳೆಯ ಎಲುಬಿನ ಎಳೆಗಳು ಹರಿಯುತ್ತವೆ, ಆ ಜಾಗದಲ್ಲಿ ನಾರು ಬೆಳೆಯುತ್ತದೆ. ಅಲುಗದೆ ಉಳಿದರೆ ಎರಡು ಮೂರು ತಿಂಗಳಲ್ಲಿ ಎಳೆಯ ಎಲುಬು ಪದರಪದರವಾಗಿ ಬಲಿತು, ಭಾರ ಬೀಳುವ ದಿಕ್ಕಿಗೆ ತಕ್ಕಂತೆ ತನ್ನನ್ನು ಜೋಡಿಸಿಕೊಳ್ಳುತ್ತದೆ. ಬ್ರೋನೆಮಾರ್ಕ್ ಹೇಳಿದ ಕಾಯುವಿಕೆಯ ಒಳಮರ್ಮ ಇದು.

ಎಲುಬು ಹೀಗೆ ಲೋಹಕ್ಕೆ ನೇರವಾಗಿ ಹತ್ತುತ್ತದೆಂದು ನಂಬಿಸಲು ಅವರಿಗೆ ವರ್ಷಗಳು ಹಿಡಿದವು. ಲೋಹವಿರುವ ಎಲುಬನ್ನು ತೆಳ್ಳಗೆ ಸೀಳುವ ವಿಧಾನ ಆಗ ಸುಲಭವಿರಲಿಲ್ಲ. ಲೋಹವನ್ನು ತೆಗೆದರೆ ಅದರ ಜೊತೆ ಸಾಕ್ಷ್ಯವೂ ಹೋಗುತ್ತಿತ್ತು. 1976ರಲ್ಲಿ ಸ್ವಿಟ್ಜರ್ಲೆಂಡಿನ ಆಂಡ್ರೆ ಶ್ರೋಡರ್ ಮತ್ತು ಸಂಗಡಿಗರು ಲೋಹ, ಎಲುಬು ಎರಡನ್ನೂ ಒಟ್ಟಿಗೇ ಸೀಳಿದ ಪದರಗಳಲ್ಲಿ ಇವೆರಡರ ನೇರ ಸಂಪರ್ಕವನ್ನು ತೋರಿಸಿದರು. 1977ರಲ್ಲಿ ಗೋಥೆನ್‌ಬರ್ಗ್ ತಂಡ ತನ್ನ ಹತ್ತು ವರ್ಷಗಳ ರೋಗಿಗಳ ವಿವರ ಪ್ರಕಟಿಸಿತು. 1982ರಲ್ಲಿ ಜಾರ್ಜ್ ಝಾರ್ಬ್ ಟೊರಾಂಟೊದಲ್ಲಿ ಕರೆದ ಸಮ್ಮೇಳನದಲ್ಲಿ ಉತ್ತರ ಅಮೆರಿಕದ ದಂತವೈದ್ಯ ವಿದ್ವಾಂಸರು ಈ ಸಾಕ್ಷ್ಯಗಳನ್ನು ಕಂಡ ಮೇಲೆ ವಿದ್ಯೆ ಜಗತ್ತಿನೆಲ್ಲೆಡೆ ಹರಡಿತು. ಮೊಲದ ಕಾಲಿನಿಂದ ಟೊರಾಂಟೊವರೆಗಿನ ದಾರಿ ಮೂವತ್ತು ವರ್ಷ.

ದವಡೆಯಾಚೆಗೂ ಈ ವಿದ್ಯೆ ಹೋಯಿತು. 1977ರಿಂದ ಕಿವಿಯ ಹಿಂದಿನ ಎಲುಬಿಗೆ ಟೈಟಾನಿಯಂ ನೆಟ್ಟು ಅದರ ಮೂಲಕ ಶಬ್ದದ ಕಂಪನ ಸಾಗಿಸುವ ಶ್ರವಣ ಸಾಧನಗಳು ಬಂದವು. ತೊಡೆಯಿಂದ ಕೆಳಗೆ ಕಾಲು ಕಳೆದುಕೊಂಡವರ ಎಲುಬಿಗೇ ಕೃತಕ ಕಾಲು ಜೋಡಿಸುವ ಚಿಕಿತ್ಸೆಯನ್ನು ಬ್ರೋನೆಮಾರ್ಕರ ಮಗ ರಿಕಾರ್ಡ್ ಬೆಳೆಸಿದರು.

ಕುರ್ಚಿಯಲ್ಲಿ ಕೂರುವ ಮುನ್ನ

ಇಂದಿನ ಇಂಪ್ಲಾಂಟಿನಲ್ಲಿ ಮೂರು ಭಾಗ: ಎಲುಬಿನೊಳಗಿನ ಬೇರು, ವಸಡನ್ನು ದಾಟಿ ಮೇಲೆ ಬರುವ ಕೊಂಡಿ, ಅದರ ಮೇಲಿನ ಕ್ಯಾಪ್. ಬೇರಿನ ಮೈಯನ್ನು ಈಗ ನುಣುಪಾಗಿ ಬಿಡುವುದಿಲ್ಲ. ಮರಳು ಚಿಮ್ಮಿಸಿ, ಆಮ್ಲದಲ್ಲಿ ಅದ್ದಿ ತುಸು ಒರಟು ಮಾಡುತ್ತಾರೆ. ಆ ಒರಟಿನಲ್ಲಿ ಹೆಪ್ಪಿನ ಎಳೆಗಳು ಚೆನ್ನಾಗಿ ಸಿಕ್ಕಿಕೊಳ್ಳುವುದರಿಂದ ಕಾಯುವ ಕಾಲ ಹಲವರಿಗೆ ಆರರಿಂದ ಎಂಟು ವಾರಕ್ಕೆ ಇಳಿದಿದೆ. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತೂ ಪೂರ್ತಿ ಸುಳ್ಳಲ್ಲ. ನಾಲ್ಕಾರು ಬೇರುಗಳನ್ನು ಒಂದಕ್ಕೊಂದು ಬಿಗಿಯಾಗಿ ಕಟ್ಟಿ ಹಾಕಿದರೆ ಯಾವುದೂ ಅಲುಗುವುದಿಲ್ಲ, ಆಗ ಮೇಲೆ ತಾತ್ಕಾಲಿಕ ಹಲ್ಲು ಕೂರಿಸಬಹುದು. ಅಲ್ಲೂ ಪಾಲಿಸಿದ್ದು ಅಲುಗಬಾರದೆಂಬ ಹಳೆಯ ನಿಯಮವನ್ನೇ. ಎಲ್ಲರ ಎಲುಬೂ ಅದಕ್ಕೆ ಒದಗುವುದಿಲ್ಲ.

ಆದ್ದರಿಂದ ವೈದ್ಯರು ಸ್ಕ್ಯಾನ್ ಮಾಡಿಸಲು ಹೇಳಿದರೆ ಅದು ಸುಮ್ಮನೆ ಖರ್ಚಲ್ಲ. ಕೆಳದವಡೆಯೊಳಗೆ ತುಟಿ, ಗಲ್ಲಕ್ಕೆ ಸ್ಪರ್ಶ ತರುವ ನರ ಹಾದುಹೋಗುತ್ತದೆ. ಬೇರು ಅದಕ್ಕೆ ತಾಗಿದರೆ ತುಟಿ ಜೋಮು ಹಿಡಿಯುತ್ತದೆ. ಮೇಲ್ದವಡೆಯ ಹಿಂಬದಿಯಲ್ಲಿ ಎಲುಬಿನ ಮೇಲೆಯೇ ಸೈನಸ್ಸಿನ ಗಾಳಿಗೂಡು ಇದೆ, ಹಲ್ಲು ಹೋಗಿ ವರ್ಷಗಳಾದವರಲ್ಲಿ ಅಲ್ಲಿ ಕೆಲವೇ ಮಿಲಿಮೀಟರ್ ಎಲುಬು ಉಳಿದಿರಬಹುದು. ಆಗ ಮೊದಲು ಎಲುಬು ತುಂಬಿಸಬೇಕಾಗುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಗಾಯ ಮಾಯುವುದನ್ನೇ ತಡಮಾಡುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಾಧ್ಯತೆ ಸುಮಾರು ಇಮ್ಮಡಿ. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಚರ್ಮ ಬಿಗಿದುಕೊಂಡವರಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ, ಡ್ರಿಲ್ ಹಿಡಿಯಲು ಜಾಗವೇ ಸಿಗುವುದಿಲ್ಲ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ನಮ್ಮ ನಾಡಿನಲ್ಲಿ ಇದು ಯಾರದೋ ಮನೆಯ ಮಾತಲ್ಲ. ಎಲುಬು ಸವೆತಕ್ಕೆ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿರುವವರು ಅದನ್ನು ಹಲ್ಲಿನ ವೈದ್ಯರಿಗೆ ತಪ್ಪದೆ ಹೇಳಬೇಕು. ಅವುಗಳಲ್ಲಿ ಕೆಲವು ಔಷಧಗಳು ದವಡೆ ಮಾಯುವುದನ್ನು ಕೆಡಿಸಬಲ್ಲವು.

ಇಷ್ಟೆಲ್ಲ ಸರಿಯಿದ್ದಾಗ ಫಲಿತಾಂಶ ನಿಜಕ್ಕೂ ದೊಡ್ಡದು. ಒಳ್ಳೆಯ ಅಧ್ಯಯನಗಳಲ್ಲಿ ಹತ್ತು ವರ್ಷ ಕಳೆದ ಮೇಲೂ ನೂರಕ್ಕೆ ಸುಮಾರು 95 ಇಂಪ್ಲಾಂಟ್‌ಗಳು ಸ್ಥಾನದಲ್ಲೇ ಇರುತ್ತವೆ. ಕೆಳಗಿನ ಸೆಟ್ಟು ನಿಲ್ಲದೆ ಬೇಸತ್ತ ಹಿರಿಯರಿಗೆ ಬಾಯಿ ತುಂಬ ಇಂಪ್ಲಾಂಟ್ ಬೇಕಾಗಿಲ್ಲ; ಮುಂಬದಿಯಲ್ಲಿ ಎರಡನ್ನು ನೆಟ್ಟು, ಸೆಟ್ಟು ಅವುಗಳಿಗೆ ಕಚ್ಚಿಕೊಳ್ಳುವಂತೆ ಮಾಡಿದರೂ ಊಟದ ಸುಖ ಮರಳುತ್ತದೆ. ಪೂರ್ತಿ ಇಂಪ್ಲಾಂಟಿನ ಖರ್ಚು ಕೇಳಿ ಹಿಂದೆ ಸರಿದವರು ಈ ದಾರಿಯನ್ನು ಕೇಳಿ ತಿಳಿದುಕೊಳ್ಳಬೇಕು. ಮನೆಯ ಹಿರಿಯರು ಏನನ್ನು ಉಣ್ಣುವುದನ್ನು ಬಿಟ್ಟಿದ್ದಾರೆ ಎಂದು ಮಕ್ಕಳು ಒಮ್ಮೆ ಕೇಳಿದರೆ, ಎಷ್ಟೋ ಕಡೆ ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತದೆ.

ಮಾಡಲಾಗದ ಒಂದು ಪದರ

ಇಂಪ್ಲಾಂಟಿಗೆ ಇಲ್ಲದ್ದು ಆ 0.2 ಮಿಲಿಮೀಟರ್ ನಾರು. ಸಹಜ ಹಲ್ಲು ಭಾರಕ್ಕೆ 25ರಿಂದ 100 ಮೈಕ್ರೋಮೀಟರ್ ತಗ್ಗುತ್ತದೆ, ಇಂಪ್ಲಾಂಟ್ ಹೆಚ್ಚೆಂದರೆ ಐದಾರು. ನಾರಿನಲ್ಲಿರುವ ನರಗಳಿಂದಾಗಿ ಹಲ್ಲಿನ ನಡುವೆ ಸಿಕ್ಕ 20 ಮೈಕ್ರೋಮೀಟರ್ ದಪ್ಪದ ಹಾಳೆಯೂ ನಮಗೆ ಗೊತ್ತಾಗುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕ ಕೂಡಲೇ ದವಡೆ ತಾನಾಗಿ ನಿಲ್ಲುವುದು ಈ ಸೂಕ್ಷ್ಮದಿಂದ. ಇಂಪ್ಲಾಂಟಿಗೆ ಅದು ಸುತ್ತಲಿನ ಎಲುಬಿನ ಮೂಲಕ ಮಂದವಾಗಿ ಮಾತ್ರ ತಿಳಿಯುತ್ತದೆ. ಹಾಗಾಗಿ ಕ್ಯಾಪ್ ಎತ್ತರವಾಗಿದ್ದರೆ ಅದರ ಮೇಲೆ ಅತಿಯಾದ ಭಾರ ಬೀಳುತ್ತಿರುವುದು ರೋಗಿಗೆ ಅರಿವಾಗದೆ ಹೋಗಬಹುದು. ಕಚ್ಚುವಿಕೆಯನ್ನು ವೈದ್ಯರು ಬಣ್ಣದ ಕಾಗದ ಇಟ್ಟು ಮತ್ತೆಮತ್ತೆ ಪರೀಕ್ಷಿಸುವುದು ಅದಕ್ಕೇ.

ಇನ್ನೊಂದು ಕೊರತೆ ವಸಡಿನಲ್ಲಿ. ಸಹಜ ಹಲ್ಲಿನ ಕುತ್ತಿಗೆಗೆ ವಸಡಿನ ನಾರುಗಳು ನಾಟಿಕೊಂಡು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಇಂಪ್ಲಾಂಟಿನ ಸುತ್ತ ಅವು ನಾಟಿಕೊಳ್ಳದೆ ಬರಿದೇ ಬಳಸಿರುತ್ತವೆ. ಕೊಳೆ ನಿಂತರೆ ಸೋಂಕು ಬೇಗ ಎಲುಬಿಗೆ ಇಳಿಯುತ್ತದೆ, ಹಲ್ಲುನೋವಿನಂಥ ಎಚ್ಚರಿಕೆಯೂ ಇರುವುದಿಲ್ಲ. ಉಜ್ಜುವಾಗ ರಕ್ತ, ಸುತ್ತ ಕೆಂಪು ಊತ ಇವೇ ಸುಳಿವು. ಲೋಹಕ್ಕೆ ಹುಳುಕು ಹಿಡಿಯದೆಂಬ ಧೈರ್ಯದಿಂದ ಉಜ್ಜುವುದನ್ನು ಬಿಟ್ಟವರು ಇಂಪ್ಲಾಂಟನ್ನೂ ಕಳೆದುಕೊಳ್ಳುತ್ತಾರೆ, ಅದನ್ನು ಹಿಡಿದಿದ್ದ ಎಲುಬನ್ನೂ.

ಬೇರುನಾಳದ ಚಿಕಿತ್ಸೆಯಿಂದಲೋ ವಸಡಿನ ಚಿಕಿತ್ಸೆಯಿಂದಲೋ ಉಳಿಯಬಹುದಾದ ಹಲ್ಲನ್ನು ಇಂಪ್ಲಾಂಟಿನ ಆಸೆಗೆ ಕೀಳಿಸುವುದು ಲಾಭದ ವ್ಯಾಪಾರವಲ್ಲ. ‘ಈ ಹಲ್ಲನ್ನು ಉಳಿಸಿಕೊಳ್ಳಲು ಸಾಧ್ಯವೇ?’ ಎಂದು ಮೊದಲು ಕೇಳಿ. ಸಾಧ್ಯವಿಲ್ಲವೆಂದಾದರೆ, ಕೀಳಿಸುವ ದಿನವೇ ಮುಂದೇನೆಂದು ಮಾತಾಡಿಕೊಳ್ಳಿ. ಮೊದಲ ಮೂರು ತಿಂಗಳಲ್ಲಿ ಹೋಗುವ ಎಲುಬನ್ನು ಮರಳಿ ಬೆಳೆಸುವುದಕ್ಕಿಂತ ಇದ್ದಾಗಲೇ ಬಳಸಿಕೊಳ್ಳುವುದು ಸುಲಭ, ಅಗ್ಗ. ಲೋಹ ಎಷ್ಟೇ ಸುಧಾರಿಸಿದರೂ ಅದನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ನಮ್ಮ ಎಲುಬೇ ಮಾಡಬೇಕು.